ಜೆಡ್‌ಡಿಎಂ-3 ಮಾಡೆಲ್: ಕೈಕಂಬಿ ಕೂತಿತು, ಏರೂ ಹತ್ತಿತು

ನಾನು ಕಟ್ಟುತ್ತಿರುವ ಪುಟ್ಟ ರೈಲು ಇಂಜಿನ್‌ನ ಕ್ಯಾಬ್ (ಚಾಲಕನ ಕೋಣೆ), ಹುಡ್ (ಯಂತ್ರದ ಮೇಲಿನ ಉದ್ದ ಮುಚ್ಚಳ) ಎರಡೂ ಚಾಸಿ (ಮೋಟಾರ್, ಗಾಲಿ ಇರುವ ತಳ) ಮೇಲೆ ಕೂತಿವೆ. ಬಣ್ಣ ಬಾಕಿ. ಈ ಸಲ ಆಗಿದ್ದು ಕೈಕಂಬಿ ಮತ್ತು ತೂಕದ ಕೆಲಸ.

ಜೆಡ್‌ಡಿಎಂ-3 ಎಂದರೆ ಕಾಲ್ಕಾ–ಶಿಮ್ಲಾ ಲೈನ್‌ನ ಡೀಸೆಲ್ ಇಂಜಿನ್. ಚಿತ್ತರಂಜನ್ ಕಾರ್ಖಾನೆಯದು, 700 ಅಶ್ವಶಕ್ತಿ, ಒಂದೇ ತುದಿಯಲ್ಲಿ ಕ್ಯಾಬ್. ದಾವಣಗೆರೆಯಲ್ಲಿ ಕೂತು ಶಿಮ್ಲಾ ಇಂಜಿನ್ ಯಾಕಪ್ಪಾ ಅಂತ ಗೆಳೆಯರು ಕೇಳುತ್ತಾರೆ. ನಮಗೆ ಹತ್ತಿರದ್ದು ಎಂದರೆ ಹಿಂದೆ ಇದ್ದ ತರೀಕೆರೆ–ನರಸಿಂಹರಾಜಪುರ ಲೈನ್. ಅದರ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 610 ಮಿ.ಮೀ. ನನ್ನ ಮಾಡೆಲ್ 1:87, ಅಂದರೆ ನಿಜದ 87ರಲ್ಲಿ ಒಂದು ಪಾಲು. ಅದಕ್ಕೆ ಇಳಿಸಿದರೆ 7 ಮಿ.ಮೀ. ಆ ಅಳತೆಯ ಚಾಸಿ ಹುಡುಕುವುದೇ ಒಂದು ಕೆಲಸ. ಕಾಲ್ಕಾ ಲೈನ್ 762 ಮಿ.ಮೀ., ಅಂದರೆ ಮಾಡೆಲ್‌ನಲ್ಲಿ 8.76. ಎನ್ ಸ್ಕೇಲ್ (ಇನ್ನೂ ಸಣ್ಣ ಅಳತೆಯ ಮಾಡೆಲ್ ರೈಲು) ಹಳಿಗಳ ಅಂತರ 9 ಮಿ.ಮೀ. ಇರುವುದರಿಂದ ಅದರ ಹಳೇ ಡೀಸೆಲ್ ಚಾಸಿ ಸಲೀಸಾಗಿ ಹೊಂದಿತು. ಗಾಲಿ ಸ್ವಲ್ಪ ಸಣ್ಣ ಕಾಣುತ್ತವೆ, ಇರಲಿ.

ಅಳತೆಯನ್ನೆಲ್ಲ ಫೋಟೋದಿಂದಲೇ ತೆಗೆದೆ. ಎದುರಿನಿಂದ ತೆಗೆದ ಫೋಟೋದಲ್ಲಿ ಎರಡು ಹಳಿಗಳ ನಡುವಿನ ಅಂತರ ಹೇಗೂ 762. ಅದರಿಂದ ಎತ್ತರ ಸಿಗುತ್ತದೆ. ಆ ಎತ್ತರ ಹಿಡಿದು ಪಕ್ಕದ ಫೋಟೋದಲ್ಲಿ ಉದ್ದ ಲೆಕ್ಕ ಹಾಕಬಹುದು. ಹಳಿಯನ್ನು ಮಾತ್ರ ಬಫರ್ ತೊಲೆಯ (ಇಂಜಿನ್ ತುದಿಯ ಅಡ್ಡ ತೊಲೆ) ನೇರ ಕೆಳಗೇ ಅಳೆಯಬೇಕು. ಅದಕ್ಕಿಂತ ಮುಂದೆ ಅಳೆದರೆ ಇಂಜಿನ್ ಕುಳ್ಳಗಾಗುತ್ತದೆ.

ಹುಡ್ ಪಕ್ಕದ ಓಡಾಡುವ ದಾರಿಗೆ ಕೈಕಂಬಿ ಬೇಕು. ಇದಕ್ಕೆ ಪಂಪ್‌ಸೆಟ್ ಮೋಟಾರ್ ಕಟ್ಟುವ ಅಂಗಡಿಗಿಂತ ಒಳ್ಳೆ ಜಾಗ ಇಲ್ಲ. ವೈಂಡಿಂಗ್ ತಾಮ್ರದ ತಂತಿ, 30 ಗೇಜ್, ಸುಮಾರು 0.3 ಮಿ.ಮೀ. ದಪ್ಪ. ನಿಜ ಅಳತೆಗೆ ಹಿಗ್ಗಿಸಿದರೆ ಒಂದಿಂಚಿನ ಪೈಪ್ ಆಯಿತು, ಅಲ್ವಾ? ಅಂಗಡಿಯವರು ಒಂದು ಮಾರು ತಂತಿಗೆ ದುಡ್ಡೇ ತಗೊಳ್ಳಲಿಲ್ಲ. "ಇಷ್ಟರಲ್ಲಿ ಯಾವ ಮೋಟಾರ್ ಕಟ್ತೀರಿ ಸಾರ್?" ಅಂತ ನಕ್ಕರು.

ಸುರುಳಿಯಿಂದ ಬಿಚ್ಚಿದ ತಂತಿ ಡೊಂಕಾಗಿರುತ್ತದೆ. ಒಂದು ತುದಿ ವೈಸ್‌ನಲ್ಲಿ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ಜಗ್ಗಬೇಕು. ಸ್ವಲ್ಪ ಹಿಗ್ಗಿದ್ದು ಕೈಗೆ ತಿಳಿಯುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ತಂತಿ ನೆಟ್ಟಗಾಗುತ್ತದೆ, ಗಟ್ಟಿಯೂ ಆಗುತ್ತದೆ. ಮೇಲಿನ ವಾರ್ನಿಷ್ ಕೆರೆಯದಿದ್ದರೆ ಬೆಸುಗೆ ಹಿಡಿಯಲ್ಲ.

ಇನ್ನು ಏರು. ಕಾಲ್ಕಾ ಲೈನ್‌ನ ಕಡಿದಾದ ಏರು 33ಕ್ಕೆ 1. ಒಂದು ಮೀಟರ್ ಹಲಗೆಯ ಒಂದು ತುದಿಯನ್ನು 3 ಸೆಂ.ಮೀ. ಎತ್ತಿದರೆ ಅದೇ ಏರು. ಪ್ಲಾಸ್ಟಿಕ್ ಹಾಳೆಯ ಬಾಡಿ ತೀರಾ ಹಗುರ, ಮೂರು ರೈಲು ಡಬ್ಬಿ ಕಟ್ಟಿದರೆ ಗಾಲಿ ನಿಂತಲ್ಲೇ ತಿರುಗುತ್ತಿದ್ದವು. ಟಯರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸುವ ತೂಕದ ತುಂಡುಗಳನ್ನು ಹುಡ್ ಒಳಗೆ ತುಂಬಿದೆ. ಕ್ಯಾಬ್ ಒಳಗೆ ಬೇಡ, ಕಿಟಕಿಯಿಂದ ಕಾಣುತ್ತವೆ. ಆದರೆ ಭಾರವೆಲ್ಲ ಮುಂದಕ್ಕೆ ಹೋಗಿ ಹಿಂದಿನ ಬೋಗಿ (ಇಂಜಿನ್ ಅಡಿಯ ಗಾಲಿಗಳ ಚೌಕಟ್ಟು) ತೇಲಿತು. ಕ್ಯಾಬ್ ನೆಲದ ಅಡಿಗೆ ಎರಡು ತುಂಡು ಅಂಟಿಸಿದ ಮೇಲೆ ಸರಿಹೋಯಿತು. ಈಗ ಮೂರೂ ಡಬ್ಬಿ ಎಳೆದುಕೊಂಡು ಆರಾಮಾಗಿ ಹತ್ತುತ್ತದೆ.

ಗಾಜಿನ ಷೋಕೇಸ್‌ನಲ್ಲಿ ಸುಮ್ನೆ ನಿಲ್ಲಿಸುವ ಮಾಡೆಲ್ ಆಗಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ನನಗೆ ಓಡದ ಇಂಜಿನ್ ಮೇಲೆ ಆಸೆ ಇಲ್ಲ.

ತಿರುವಿನ ಪರೀಕ್ಷೆ ಮುಂದಿನದು. ಆ ಲೈನ್‌ನ ಅತಿ ಬಿಗಿ ತಿರುವಿನ ತ್ರಿಜ್ಯ ಸುಮಾರು 37 ಮೀಟರ್, ಮಾಡೆಲ್‌ನಲ್ಲಿ 43 ಸೆಂ.ಮೀ. ಆಸುಪಾಸು. ನನ್ನ ಮೇಜಿನ ತಿರುವು ಅದಕ್ಕಿಂತ ಜಾಸ್ತಿ ಬಿಗಿ. ತಿರುಗುವಾಗ ಬೋಗಿ ಇಂಜಿನ್‌ನ ಮೆಟ್ಟಿಲಿಗೆ ತಗುಲಿದರೆ ಮೆಟ್ಟಿಲನ್ನೇ ಒಳಗಿನಿಂದ ಉಜ್ಜಬೇಕು. ಅದಾದ ಮೇಲೆ ಪ್ರೈಮರ್.