ಟರ್ಮಿನಲ್‌ನಲ್ಲಿ ಓಡುವ ಕಮಾಂಡ್ ಜಾವಾದಿಂದ ಕೊಟ್ಟರೆ ಏಕೆ ಓಡುವುದಿಲ್ಲ?

ಮಣಿಪಾಲದ ನಮ್ಮ ಕಚೇರಿಗೆ ಹೊಸದಾಗಿ ಸೇರುವವರೂ, ಉಡುಪಿಯ ಆಸುಪಾಸಿನ ಕಾಲೇಜುಗಳಿಂದ ಪ್ರಾಜೆಕ್ಟ್ ಹಿಡಿದುಕೊಂಡು ಬರುವ ವಿದ್ಯಾರ್ಥಿಗಳೂ ನನ್ನಲ್ಲಿ ಹೆಚ್ಚಾಗಿ ಕೇಳುವುದು ಇದನ್ನೇ: "ಟರ್ಮಿನಲ್‌ನಲ್ಲಿ ಹಾಕಿದರೆ ಓಡುತ್ತದೆ ಸರ್, ಅದೇ ಸಾಲನ್ನು ಜಾವಾದಿಂದ ಕೊಟ್ಟರೆ ಯಾಕೆ ಓಡುವುದಿಲ್ಲ?"

ಅಲ್ಲಿ ಶೆಲ್ ಇಲ್ಲದಿರುವುದೇ ಕಾರಣ. ಟರ್ಮಿನಲ್‌ನಲ್ಲಿ ನಾವು ಬರೆದ ಸಾಲನ್ನು ಮೊದಲು ಓದುವುದು ಬ್ಯಾಷ್‌ನಂತಹ ಶೆಲ್. ಉದ್ಧರಣ ಚಿಹ್ನೆಯೊಳಗಿನದನ್ನು ಒಂದೇ ಪದವೆಂದು ಹಿಡಿಯುವುದು, ನಕ್ಷತ್ರ ಚಿಹ್ನೆಯನ್ನು ಫೈಲುಗಳ ಹೆಸರಾಗಿ ಬಿಡಿಸುವುದು, ಒಂದು ಪ್ರೋಗ್ರಾಮಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಹರಿಸುವ ಪೈಪ್ ಜೋಡಿಸುವುದು ಎಲ್ಲವೂ ಅದರ ಕೆಲಸ. ಅದೇ ಸಾಲನ್ನು, ಬೇರೆ ಪ್ರೋಗ್ರಾಮನ್ನು ಓಡಿಸುವ ಜಾವಾದ ರನ್‌ಟೈಮ್ ಎಕ್ಸೆಕ್‌ಗೆ ಒಂದೇ ಸ್ಟ್ರಿಂಗ್ ಆಗಿ ಕೊಟ್ಟರೆ, ಜಾವಾ ಖಾಲಿ ಜಾಗ ಕಂಡಲ್ಲೆಲ್ಲ ಅದನ್ನು ಕತ್ತರಿಸಿ, ಮೊದಲ ತುಂಡನ್ನು ಪ್ರೋಗ್ರಾಮಿನ ಹೆಸರೆಂದೂ ಉಳಿದವನ್ನು ಅದಕ್ಕೆ ಕೊಡುವ ಆರ್ಗ್ಯುಮೆಂಟುಗಳೆಂದೂ ನೇರವಾಗಿ ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸುತ್ತದೆ. 'ಮಲ್ಪೆ ಆಟ' ಎಂಬ ಫೈಲಿಗೆ ಉದ್ಧರಣ ಚಿಹ್ನೆ ಹಾಕಿದ್ದರೂ ಅದು ಎರಡು ತುಂಡಾಗುತ್ತದೆ. ಚಿಹ್ನೆಗಳೂ ಹೆಸರಿಗೇ ಅಂಟಿಕೊಳ್ಳುತ್ತವೆ. ಈ ರೂಪವನ್ನು ಜಾವಾ 18ರಲ್ಲಿ ಡೆಪ್ರಿಕೇಟ್ ಮಾಡಿದರು, ಅಂದರೆ ಇನ್ನು ಬಳಸಬೇಡಿ ಎಂದು ಗುರುತು ಹಾಕಿದರು. ತೀರಾ ತಡವಾಯಿತೆಂದೇ ನನ್ನ ಅಭಿಪ್ರಾಯ, ಏಕೆಂದರೆ ಆರ್ಗ್ಯುಮೆಂಟುಗಳನ್ನು ಬಿಡಿಬಿಡಿಯಾಗಿ ಪಡೆಯುವ ಪ್ರೊಸೆಸ್‌ಬಿಲ್ಡರ್ 2004ರ ಜಾವಾ 5ರಿಂದಲೇ ಇದೆ.

ಕಮಾಂಡ್ ಓಡತೊಡಗಿದ ಮೇಲಿನ ತೊಂದರೆ ಇದಕ್ಕಿಂತ ದೊಡ್ಡದು. ರಾತ್ರಿಯಿಡೀ ನಡೆದ ಯಕ್ಷಗಾನದ ವೀಡಿಯೊಗಳನ್ನು ಎಫ್‌ಎಫ್‌ಎಂಪೆಗ್ ಎಂಬ ವೀಡಿಯೊ ಪರಿವರ್ತಕದ ಮೂಲಕ ಸಣ್ಣ ಗಾತ್ರಕ್ಕೆ ಇಳಿಸುವ ಪ್ರೋಗ್ರಾಮೊಂದನ್ನು ಹಿಂದೊಮ್ಮೆ ಪರಿಚಿತರಿಗಾಗಿ ಬರೆದುಕೊಟ್ಟಿದ್ದೆ. ಹತ್ತು ನಿಮಿಷದ ತುಣುಕುಗಳು ಸಲೀಸಾಗಿ ಮುಗಿದವು. ಇಡೀ ರಾತ್ರಿಯ ಆಟ ಮಾತ್ರ ಪ್ರತಿ ಸಲವೂ ನಡುವೆಯೇ ನಿಂತಿತು. ಎರರ್ ಇಲ್ಲ, ಸಿಪಿಯು ಸುಮ್ಮನಿದೆ. ಎರಡು ದಿನ ಹಾರ್ಡ್ ಡಿಸ್ಕನ್ನು ಬೈದೆ. ಅಸಲಿಗೆ ಎಫ್‌ಎಫ್‌ಎಂಪೆಗ್ ತನ್ನ ಪ್ರಗತಿಯ ವರದಿಯನ್ನು, ಎರರ್ ಸಂದೇಶಗಳಿಗೆಂದೇ ಇರುವ ಸ್ಟ್ಯಾಂಡರ್ಡ್ ಎರರ್ ಸ್ಟ್ರೀಮ್‌ಗೆ ಬರೆಯುತ್ತಲೇ ಇರುತ್ತದೆ; ಲಿನಕ್ಸ್‌ನಲ್ಲಿ ಅದನ್ನು ಜಾವಾಕ್ಕೆ ತಲುಪಿಸುವ ಪೈಪ್ ಸಾಮಾನ್ಯವಾಗಿ ಹಿಡಿಯುವುದು 64 ಕೆಬಿ ಮಾತ್ರ; ನನ್ನ ಪ್ರೋಗ್ರಾಮ್ ಅದನ್ನು ಓದದೆ, ಕಮಾಂಡ್ ಮುಗಿಯುವವರೆಗೆ ಕಾಯಿಸುವ ವೇಟ್‌ಫಾರ್‌ನಲ್ಲಿ ಕುಳಿತಿದ್ದರಿಂದ ಪೈಪ್ ತುಂಬಿ, ಎಫ್‌ಎಫ್‌ಎಂಪೆಗ್ ಮುಂದಿನ ಸಾಲನ್ನು ಬರೆಯಲಾಗದೆ ನಿಂತಿತು. ವೇಷಧಾರಿಯ ಅರ್ಥಗಾರಿಕೆ ಮುಗಿಯಲೆಂದು ಭಾಗವತರೂ, ಪದ್ಯ ಬರಲೆಂದು ವೇಷಧಾರಿಯೂ ಕಾದು ಕುಳಿತ ಹಾಗೆ.

ಪರಿಹಾರ ಸರಳ. ಪ್ರೊಸೆಸ್‌ಬಿಲ್ಡರ್‌ನ ರಿಡೈರೆಕ್ಟ್‌ಎರರ್‌ಸ್ಟ್ರೀಮ್‌ಗೆ ಟ್ರೂ ಕೊಟ್ಟು ಔಟ್‌ಪುಟ್, ಎರರ್ ಎರಡು ಸ್ಟ್ರೀಮ್‌ಗಳನ್ನೂ ಒಂದಾಗಿಸಿ, ಕೊನೆಯವರೆಗೆ ಓದಿ, ಆಮೇಲಷ್ಟೇ ವೇಟ್‌ಫಾರ್ ಕರೆಯಬೇಕು. ಇಲ್ಲವೇ ಔಟ್‌ಪುಟ್ಟನ್ನು ನೇರವಾಗಿ ಲಾಗ್ ಫೈಲಿಗೆ ತಿರುಗಿಸಬೇಕು. ಜಾವಾ 8ರಿಂದ ವೇಟ್‌ಫಾರ್‌ಗೆ ಸಮಯದ ಮಿತಿಯನ್ನೂ ಕೊಡಬಹುದು, ಆದರೆ ಮಿತಿ ಮೀರಿದಾಗ ಅದು ಫಾಲ್ಸ್ ಎಂದು ಹಿಂದಿರುಗುತ್ತದೆಯೇ ಹೊರತು ಪ್ರೊಸೆಸ್ಸನ್ನು ಕೊಲ್ಲುವುದಿಲ್ಲ. ಅದನ್ನು ನಾವೇ ಮಾಡಬೇಕು.

"ಹಾಗಾದರೆ ಬ್ಯಾಷ್‌ಗೇ 'ಮೈನಸ್ ಸಿ' ಜೊತೆ ಇಡೀ ಸಾಲನ್ನು ಕೊಡಬಹುದಲ್ಲ ಸರ್?" ಎಂದು ಜಾಣರು ಕೇಳುತ್ತಾರೆ. ಕೊಡಬಹುದು, ಸಾಲನ್ನು ಪೂರ್ತಿ ನೀವೇ ಬರೆದಿದ್ದರೆ ಮಾತ್ರ. ಬಳಕೆದಾರರು ಟೈಪ್ ಮಾಡಿದ ಫೈಲಿನ ಹೆಸರನ್ನು ಅದಕ್ಕೆ ಅಂಟಿಸಿದರೆ, ಆ ಹೆಸರಿನಲ್ಲೊಂದು ಅರ್ಧವಿರಾಮ, ಅದರ ಹಿಂದೆಯೇ ಫೈಲ್ ಅಳಿಸುವ ಒಂದು ಆರ್‌ಎಂ ಕಮಾಂಡ್ ಬಂದರೂ ಶೆಲ್ ವಿಧೇಯವಾಗಿ ಓಡಿಸುತ್ತದೆ. ಪೈಪ್‌ಗಾಗಿಯೇ ಶೆಲ್ ಬೇಕೆನಿಸಿದರೆ ಶೆಲ್ ಇಲ್ಲದೆಯೇ ಪೈಪ್ ಜೋಡಿಸಲು ಜಾವಾ 9ರಿಂದ ಸ್ಟಾರ್ಟ್‌ಪೈಪ್‌ಲೈನ್ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ಅವರ ಕೋಡ್ ತೆರೆದು ನೋಡಿದರೆ, ಎಷ್ಟೋ ಸಲ ಅಲ್ಲಿರುವುದು ಫೈಲೊಂದನ್ನು ನಕಲು ಮಾಡುವ ಸಿಪಿ ಕಮಾಂಡ್. ಜಾವಾದ ಫೈಲ್ಸ್ ಕ್ಲಾಸಿನಲ್ಲೇ ಕಾಪಿ ಇದೆ ಎಂದು ತೋರಿಸಿ ಕಳಿಸುತ್ತೇನೆ.