ಕೊಟ್ಟಿಗೆ ಗೋಡೆಯ ಮಿಸ್ರಿ

ಜೇನು ಪೆಟ್ಟಿಗೆಯನ್ನು ಹಗಲಲ್ಲಿ ಸಾಗಿಸುವಂತಿಲ್ಲ. ಕತ್ತಲಾಗಿ, ಹೊರಗೆ ಹೋದವೆಲ್ಲ ಮನೆ ಸೇರಿದ ಮೇಲೆ ಬಾಗಿಲು ಮುಚ್ಚಿ ಎತ್ತಬೇಕು. ಹಾಗಾಗಿ ನನ್ನ 14 ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು) ಪೆಟ್ಟಿಗೆಗಳು ಮನೆ ಬಿಟ್ಟಾಗ ರಾತ್ರಿ ಒಂಬತ್ತು ಗಂಟೆ. ಯಲ್ಲಾಪುರ ಕಡೆಯ ಪರಿಚಯದವರು ಪಿಕಪ್ ತಂದಿದ್ದರು. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಟಾರ್ಚ್ ಹಿಡಿಯಲಿಕ್ಕೂ ಯಾರೂ ನನ್ನನ್ನು ಹತ್ತಿರ ಬಿಡಲಿಲ್ಲ.

ಅದಕ್ಕೆ ಎಂಟು ದಿನ ಮೊದಲು ನಾನು ಶಿರಸಿಯ ಆಸ್ಪತ್ರೆಯೊಂದರಲ್ಲಿ ಮಲಗಿದ್ದೆ. 2022ರ ಮಾರಿಕಾಂಬಾ ಜಾತ್ರೆ ಮುಗಿದು ಒಂದು ತಿಂಗಳಾಗಿತ್ತು. ಜೇನುತುಪ್ಪ ತೆಗೆಯುವ ಕಾಲ. ಎರಿ, ಅಂದರೆ ಜೇನಿನ ಮೇಣದ ಹಲ್ಲೆ, ಎತ್ತುವಾಗ ಒಂದೇ ಒಂದು ಜೇನು ಕುತ್ತಿಗೆಗೆ ಹೊಡೆಯಿತು. ಮುಳ್ಳು ಕೆರೆದು ತೆಗೆದೆ, ಕೆಲಸ ಮುಂದುವರಿಸಿದೆ. ಐದು ನಿಮಿಷಕ್ಕೆ ಅಂಗೈ ತುರಿಕೆ. ಆಮೇಲೆ ತುಟಿ ದಪ್ಪವಾಯಿತು, ಗಂಟಲು ಕಟ್ಟಿತು. ಪಕ್ಕದ ಮನೆಯವನ ಓಮ್ನಿಯಲ್ಲಿ ಹೋದ 18 ಕಿಲೋಮೀಟರ್ ದಾರಿ ನನಗೆ ಅರ್ಧ ಮಾತ್ರ ನೆನಪಿದೆ. ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಅಲರ್ಜಿ ಮತ್ತೆ ಕಾಣಿಸಿಕೊಳ್ಳಬಹುದು ಎಂದು ಒಂದು ರಾತ್ರಿ ಅಲ್ಲೇ ಇಟ್ಟುಕೊಂಡರು.

"ಆರು ವರ್ಷದಿಂದ ನೂರಾರು ಸಲ ಹೊಡೆಸಿಕೊಂಡಿದ್ದೇನೆ, ಏನೂ ಆಗಿರಲಿಲ್ಲ" ಎಂದೆ ಡಾಕ್ಟರಿಗೆ.

"ಹಾಗೂ ಆಗ್ತದೆ. ಇನ್ನೊಂದು ಸಲ ಹೊಡೆಸಿಕೊಳ್ಳಬೇಡಿ, ಅಷ್ಟೇ" ಎಂದರು.

ನಾನು ಅವರಿಗೆ ಹೇಳಿದ್ದು ಪೂರ್ತಿ ನಿಜವಲ್ಲ. ಹಿಂದಿನ ವರ್ಷವೇ ಒಮ್ಮೆ ಮೈತುಂಬ ದದ್ದು ಎದ್ದಿತ್ತು. ಮೆಡಿಕಲ್ ಶಾಪಿನಿಂದ ಅಲರ್ಜಿ ಮಾತ್ರೆ ತಂದು ನುಂಗಿ, ಮನೆಯಲ್ಲಿ ಯಾರಿಗೂ ಹೇಳದೆ ಮಲಗಿದ್ದೆ. ಹೇಳಿದರೆ ಬಿಡು ಅನ್ನುತ್ತಾರಲ್ಲ.

ಬಿಡಲಾಗದ್ದಕ್ಕೆ ಕಾರಣ ಅಟ್ಟದ ಮೇಲಿತ್ತು. ಅಪ್ಪಯ್ಯನ ಹಳೆಯ ಪೆಟ್ಟಿಗೆಗಳು. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ನಮ್ಮ ಕಡೆಯ ತುಡುವೆ ಕುಟುಂಬಗಳನ್ನು ಬಹುತೇಕ ಮುಗಿಸಿಬಿಟ್ಟಿತು. ಮರಿಹುಳುಗಳು ನೀರು ತುಂಬಿದ ಪುಟ್ಟ ಚೀಲದಂತಾಗಿ ಎರಿಯ ಕಣ್ಣಿನಲ್ಲೇ ಸಾಯುತ್ತವೆ. ಅಪ್ಪಯ್ಯನ ಜೇನೂ ಆಗಲೇ ಹೋಯಿತು. ಅವನು ಖಾಲಿ ಪೆಟ್ಟಿಗೆಗಳನ್ನು ತೊಳೆದು, ಒಣಗಿಸಿ, ಅಟ್ಟಕ್ಕೇರಿಸಿದ. ಯಾರಿಗೂ ಮುಟ್ಟಲು ಬಿಡಲಿಲ್ಲ. ಅಡಿಕೆ, ಕಾಳುಮೆಣಸು ಅಂತ ತೋಟದಲ್ಲೇ ಉಳಿದ. ನಾನು ಜೇನು ಸಾಕಲು ಶುರು ಮಾಡಿದ್ದು ಅವನು ನಿಲ್ಲಿಸಿದ್ದನ್ನು ಮುಂದುವರಿಸಬೇಕು ಅಂತ. ಅವನೇನೂ ಕೇಳಿರಲಿಲ್ಲ. ನಾನಾಗಿಯೇ ಹೊತ್ತುಕೊಂಡ ಭಾರ.

ಆಸ್ಪತ್ರೆಯಿಂದ ಬಂದ ದಿನ ಪೆಟ್ಟಿಗೆ ಕೊಟ್ಟುಬಿಡುತ್ತೇನೆ ಎಂದು ತಲೆ ತಗ್ಗಿಸಿಕೊಂಡೇ ಹೇಳಿದೆ. ಅಪ್ಪಯ್ಯ ಎಲೆಯಡಿಕೆಯ ಕವಳ ಹಾಕುತ್ತಿದ್ದ. "ಅಡ್ಡಿಲ್ಲೆ" ಅಂದ. ಆರು ವರ್ಷ ನಾನು ಹೆದರಿದ್ದು ಇಷ್ಟಕ್ಕೆ!

ಪೆಟ್ಟಿಗೆ ಹೋದ ಮರುದಿನ ಬೆಳಿಗ್ಗೆ ಬೇಗ ಎಚ್ಚರವಾಯಿತು. ತೋಟದ ಅಂಚಿನಲ್ಲಿ ಬರೀ ಸ್ಟ್ಯಾಂಡುಗಳು ನಿಂತಿದ್ದವು. ಅವುಗಳ ಸುತ್ತ ಒಂದಷ್ಟು ಜೇನು ಹಾರುತ್ತಿದ್ದವು. ಹಿಂದಿನ ಸಂಜೆ ಕತ್ತಲೆಗೆ ಸಿಕ್ಕಿ ಎಲ್ಲೋ ಹೊರಗೇ ಉಳಿದವು ಇರಬೇಕು. ಪೆಟ್ಟಿಗೆಯ ಬಾಗಿಲು ಇರುತ್ತಿದ್ದ ಎತ್ತರಕ್ಕೇ ಬಂದು, ಗಾಳಿಯಲ್ಲಿ ನಿಂತು, ಹಿಂದೆ ಸರಿದು, ಮತ್ತೆ ಬರುತ್ತಿದ್ದವು. ನನಗೆ ನೋಡಲಾಗಲಿಲ್ಲ. ಹತ್ತಿರ ಹೋಗುವಂತೆಯೂ ಇರಲಿಲ್ಲ. ಕೊಟ್ಟಿಗೆಯ ಮೆಟ್ಟಿಲ ಮೇಲೆ, ಗೋಡೆಗೆ ಒರಗಿ ಕೂತೆ.

ಕಿವಿಯ ಹತ್ತಿರ ಏನೋ ಓಡಾಡಿದಂತಾಯಿತು. ತಿರುಗಿದರೆ ಮಣ್ಣಿನ ಗೋಡೆಯಿಂದ ಕಿರುಬೆರಳಿನಷ್ಟು ಉದ್ದದ ಕಪ್ಪು ಅಂಟಿನ ಕೊಳವೆ. ಅದರ ಬಾಯಲ್ಲಿ ಇರುವೆಯಷ್ಟು ಸಣ್ಣ ಜೇನುಗಳು. ಮಿಸ್ರಿ. ಮುಜಂಟಿ ಅಂದರೆ ದಕ್ಷಿಣ ಕನ್ನಡದವರಿಗೆ ಗೊತ್ತಾಗುತ್ತದೆ. ನಾನು ಹುಟ್ಟುವ ಮೊದಲಿನಿಂದಲೂ ಅದು ಅಲ್ಲಿದೆಯಂತೆ. ಚಿಕ್ಕವನಿದ್ದಾಗ ಆ ಕೊಳವೆಯನ್ನು ಕಡ್ಡಿಯಿಂದ ಮುರಿದು ಆಯಿಯ ಹತ್ತಿರ ಬೈಸಿಕೊಂಡಿದ್ದೆ. ಅದೂ ಜೇನೇ ಅಲ್ವಾ ಎಂಬುದು ಮಾತ್ರ ತಲೆಗೆ ಬಂದಿರಲಿಲ್ಲ. ಮಿಸ್ರಿಗೆ ಚುಚ್ಚುವ ಮುಳ್ಳಿಲ್ಲ. ಸಿಟ್ಟು ಬಂದರೆ ಕೂದಲಿಗೆ ಸಿಕ್ಕಿಕೊಂಡು ಕಚ್ಚುತ್ತದೆ, ಕಿವಿಗೆ ನುಗ್ಗುತ್ತದೆ. ಅಷ್ಟೇ.

ಗೋಡೆ ಒಡೆಯುವ ಹಾಗಿಲ್ಲ. ಒಂದು ಉಪಾಯ ಇದೆ. ಎರಡು ತೂತಿನ ಸಣ್ಣ ಪೆಟ್ಟಿಗೆ ಮಾಡಿ, ಒಂದು ತೂತನ್ನು ಪೈಪಿನಿಂದ ಗೂಡಿನ ಬಾಯಿಗೆ ಜೋಡಿಸುವುದು. ಇನ್ನೊಂದು ತೂತು ಹೊಸ ಬಾಗಿಲು. ಹೋಗುವಾಗ ಬರುವಾಗ ಪೆಟ್ಟಿಗೆಯನ್ನು ಹಾದೇ ಓಡಾಡುವ ಜೇನು ತಿಂಗಳುಗಟ್ಟಲೆ ಕಳೆದ ಮೇಲೆ ಅಲ್ಲೂ ಸಂಸಾರ ಹೂಡುತ್ತದೆ. ನಾನು ಜೋಡಿಸಿದೆ. ಅವು ಒಂದೇ ವಾರದಲ್ಲಿ ಪಕ್ಕದ ಬಿರುಕಿನಿಂದ ಬೇರೆ ಬಾಗಿಲು ಮಾಡಿಕೊಂಡವು. ಅದನ್ನು ಮಣ್ಣಿನಿಂದ ಮುಚ್ಚಿದರೆ ಮತ್ತೊಂದು. ಮಳೆಗಾಲ ಪೂರ್ತಿ ಈ ಆಟ ನಡೆಯಿತು. ದೀಪಾವಳಿ ಕಳೆದು ಮುಚ್ಚಳ ಎತ್ತಿದಾಗ ಒಳಗೆ ದ್ರಾಕ್ಷಿ ಗೊಂಚಲಿನಂಥ ಪುಟ್ಟ ಪುಟ್ಟ ಗಡಿಗೆಗಳು ಇದ್ದವು.

ದುಡ್ಡಿನ ಮಾತು ಕೇಳುವವರಿಗೆ ನೇರವಾಗಿ ಹೇಳುತ್ತೇನೆ. ತುಡುವೆ ಕಿಲೋಗಟ್ಟಲೆ ಕೊಡುತ್ತಿತ್ತು. ಮಿಸ್ರಿ ಒಂದು ಪೆಟ್ಟಿಗೆಗೆ ವರ್ಷಕ್ಕೆ ಕಾಲು ಕಿಲೋ ಕೊಟ್ಟರೆ ದೊಡ್ಡದು. ಯಂತ್ರದಲ್ಲಿ ತಿರುಗಿಸಲಿಕ್ಕೂ ಬರುವುದಿಲ್ಲ, ಗಡಿಗೆ ಚುಚ್ಚಿ ಬಸಿಯಬೇಕು. ಹುಳಿ ಸಿಹಿ ರುಚಿ. ಔಷಧಿಗೆಂದು ಕೇಳಿಕೊಂಡು ಬರುತ್ತಾರೆ, ಬೆಲೆ ಜಾಸ್ತಿ ಸಿಗುತ್ತದೆ. ಆದರೂ ಶ್ರೀಮಂತನಾಗುವ ಹಾದಿ ಇದಲ್ಲ.

ನನಗೆ ಸಿಕ್ಕಿದ್ದು ಬೇರೆ. ತುಡುವೆ ಸಾಕಿದ ಆರು ವರ್ಷವೂ ನಾನು ಜೇನನ್ನು ಮುಖಪರದೆಯ ಬಲೆಯೊಳಗಿಂದ, ಅವಸರದಲ್ಲಿ, ತುಪ್ಪ ಎಷ್ಟು ಬಂತು ಅಂತ ಮಾತ್ರ ನೋಡಿದ್ದೆ. ಈಗ ಬರಿ ಮುಖದಲ್ಲಿ, ಚಾ ಲೋಟ ಹಿಡಿದು, ಗಂಟೆಗಟ್ಟಲೆ ನೋಡುತ್ತೇನೆ. ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಬರುವುದು, ಬಾಗಿಲ ಕಾವಲಿನವು ತಡೆದು ಮೂಸುವುದು. ಅಡಿಕೆ ಹಿಂಗಾರದಿಂದ ಎಷ್ಟು ಬರುತ್ತವೆ ಅಂತ ಎಣಿಸುತ್ತ ಕೂತು ಊಟಕ್ಕೆ ತಡವಾದದ್ದೂ ಉಂಟು. ಮಕ್ಕಳು ಪೆಟ್ಟಿಗೆಗೆ ಮೂಗು ಹಚ್ಚಿಕೊಂಡೇ ನಿಲ್ಲುತ್ತಾರೆ. ತುಡುವೆ ಕಾಲದಲ್ಲಿ ಅವರನ್ನು ನಾನೇ ಓಡಿಸುತ್ತಿದ್ದೆ.

ಎರಡನೇ ವರ್ಷ ಪೆಟ್ಟಿಗೆ ಸಾಲಲಿಲ್ಲ. ಹಲಗೆಗೆ ಶಿರಸಿಗೆ ಹೊರಟಿದ್ದೆ. ಅಂಗಳದಲ್ಲಿ ಗರಗಸದ ಸದ್ದು ಕೇಳಿತು. ಅಪ್ಪಯ್ಯ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿ, ಕಾಲಲ್ಲಿ ಒತ್ತಿ ಹಿಡಿದು ಕೊಯ್ಯುತ್ತಿದ್ದ.

"ಹಲಸಿಂದು, ಹಾಳಾಗ್ತಿಲ್ಲೆ" ಅಂದ, ತಲೆ ಎತ್ತದೆ.

ಆ ಹಲಗೆಯ ಪೆಟ್ಟಿಗೆ ಈಗ ಕೊಟ್ಟಿಗೆಯ ಮಾಡಿನಡಿ ತೂಗುತ್ತಿದೆ. ಬಿಳಿ ಬಣ್ಣದಲ್ಲಿ ಅವನು ಬರೆದಿದ್ದ 7 ಎಂಬ ನಂಬರು ಅದರ ಮೇಲೆ ತಲೆಕೆಳಗಾಗಿದೆ.