ಹನ್ನೊಂದನೆಯ ವಚನಕ್ಕಿಂತ ಮುಂಚೆ

ನಾನು ಓದುತ್ತಿದ್ದ ಕಾಲಕ್ಕೆ ಧಾರವಾಡದ ನಮ್ಮ ಶಾಲೆಯಲ್ಲಿ ಶುಕ್ರವಾರದ ಕೊನೆಯ ತಾಸು ಕ್ರೈಸ್ತ ಮಕ್ಕಳಿಗೆ ಸತ್ಯವೇದ, ಅಂದರೆ ಬೈಬಲ್, ಉಳಿದವರಿಗೆ ನೀತಿಬೋಧೆ. ಸತ್ಯವೇದದ ಪಾಠವನ್ನು ಕನ್ನಡ ಕಲಿಸುತ್ತಿದ್ದ ಗುರುಗಳೇ ತೆಗೆದುಕೊಳ್ಳುತ್ತಿದ್ದರು. ಹತ್ತನೆಯ ತರಗತಿಯ ಕೊನೆಯ ತಿಂಗಳುಗಳಲ್ಲಿ ಒಂದು ದಿನ ಅವರು, ನಿಮಗೆ ಇಷ್ಟವಾದ ವಚನ ಹೇಳಿರಿ ಎಂದರು. ಮೂವರು ಎದ್ದುನಿಂತು ಪ್ರವಾದಿ ಯೆರೆಮೀಯನ ಗ್ರಂಥದ ಇಪ್ಪತ್ತೊಂಬತ್ತನೆಯ ಅಧ್ಯಾಯದ ಹನ್ನೊಂದನೆಯ ವಚನವನ್ನೇ ಹೇಳಿದೆವು. ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಯೋಚನೆ, ಅಹಿತದ್ದಲ್ಲ ಎಂದು ದೇವರು ಹೇಳುವ ಮಾತು ಅದು. ಕ್ರೈಸ್ತರ ಮನೆಯ ಕ್ಯಾಲೆಂಡರುಗಳಲ್ಲಿ, ಮದುವೆಯ ಕಾರ್ಡುಗಳಲ್ಲಿ ಅದನ್ನು ಕಾಣದವರಿಲ್ಲ.

ಗುರುಗಳು ತಮ್ಮ ಸತ್ಯವೇದವನ್ನು ನನ್ನ ಕೈಗೆ ಕೊಟ್ಟು, "ನಾಲ್ಕನೆಯ ವಚನದಿಂದ ಓದಮ್ಮಾ" ಎಂದರು. ಹಾಳೆಯ ಅಂಚಿನಲ್ಲಿ ಕೆಂಪು ಪೆನ್ಸಿಲಿನ ಗೆರೆಗಳಿದ್ದವು, ಹನ್ನೊಂದನೆಯದರ ಪಕ್ಕದಲ್ಲಿ ಮಾತ್ರ ಏನೂ ಇರಲಿಲ್ಲ. ಗೆರೆ ಎಳೆದಿದ್ದದ್ದು ಅದಕ್ಕೂ ಮುಂಚಿನವುಗಳಿಗೆ. ಅದು ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯಾಗಿ ಹೋದವರಿಗೆ ಪ್ರವಾದಿ ಬರೆದ ಕಾಗದ. ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದಿದೆ ಅದರಲ್ಲಿ. ಹತ್ತನೆಯ ವಚನದಲ್ಲಿ ಬಿಡುಗಡೆಯ ಗಡುವೂ ಇದೆ, 70 ವರ್ಷ. ಅಂದರೆ ಆ ಕಾಗದವನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಬಹುತೇಕರು ಬಾಬೆಲಿನಲ್ಲೇ ಮಣ್ಣಾಗಬೇಕು. ಅಂಥವರಿಗೇ ಹಿತದ ಯೋಚನೆಯ ಮಾತನ್ನು ಹೇಳಿದ್ದು.

ಹಿಂದಿನ ಅಧ್ಯಾಯದ ಹನನ್ಯನನ್ನೂ ಗುರುಗಳು ಬಿಡಲಿಲ್ಲ. ಬಾಬೆಲಿನ ಅಧೀನತೆಯ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಜನರೆದುರು ಮುರಿದು, ಎರಡೇ ವರ್ಷದಲ್ಲಿ ಎಲ್ಲವೂ ಸರಿಹೋಗುತ್ತದೆ ಎಂದು ಸಾರಿದವನು ಆತ. ಜನರಿಗೆ ಬೇಕಾದದ್ದೂ ಅದೇ. "ಬೇಗ ಆಗುತ್ತದೆ ಎಂದು ಹೇಳುವವರನ್ನು ನಂಬುವುದು ಸುಲಭ. ದೇವರನ್ನು ನಂಬುವವನು ತೋಟ ಹಾಕುತ್ತಾನೆ" ಎಂದರು. ಆ ಪಾಠಕ್ಕೆ ನಾನು ಋಣಿ.

ಗುರುಗಳಿಗೆ ಕಿಟೆಲರೆಂದರೆ ಪ್ರಾಣ. ಮದ್ರಾಸ್ ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ಹೊರತಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ನಮ್ಮ ಗ್ರಂಥಾಲಯದಲ್ಲಿತ್ತು. ಒಂದೊಂದು ಪದದ ಮುಂದೆ ತಮಿಳು, ತೆಲುಗು, ತುಳು, ಮಲಯಾಳದ ನಂಟುಪದಗಳು, ಹಳೆಯ ಕಾವ್ಯಗಳ ಸಾಲುಗಳು. 1853ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯಿಂದ ಬಂದಾಗ ಫರ್ಡಿನಂಡ್ ಕಿಟೆಲರಿಗೆ ಇಪ್ಪತ್ತೊಂದು ವರ್ಷ. 1877ರಲ್ಲಿ ಜರ್ಮನಿಗೆ ಮರಳಿದವರು ಐವತ್ತು ದಾಟಿದ ಮೇಲೆ ಈ ನಿಘಂಟಿಗಾಗಿ ಮತ್ತೆ ಬಂದರು. ಅದು ಮೊದಲ ಸಲ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಸುವಾರ್ತೆ ಸಾರಲು ಬಂದವರ ಆಯುಷ್ಯದ ಬಹುಪಾಲು ಪದಗಳನ್ನು ಕೂಡಿಹಾಕುವುದರಲ್ಲಿ ಕಳೆಯಿತು. ಹಳಗನ್ನಡ ಓದುವ ಯಾರೂ ಇಂದಿಗೂ ಅದನ್ನು ಬಿಟ್ಟು ಮುಂದೆ ಹೋಗಲಾರರು. ಮತಭೇದವಿಲ್ಲದೆ ಇಡೀ ನಾಡಿಗೆ ದಕ್ಕಿದ ಆ ಕೆಲಸದಲ್ಲಿ ನನಗೆ ದೇವರ ಕೈ ಕಾಣುತ್ತದೆ.

ಬಿ.ಎಡ್. ಮುಗಿಸಿದ ಮೇಲೆ ಸರ್ಕಾರಿ ಶಾಲೆಯ ಹುದ್ದೆಗೆ ನಾನು ವರ್ಷಗಟ್ಟಲೆ ಕಾದೆ. ಆಯ್ಕೆಪಟ್ಟಿಯಲ್ಲಿ ಹೆಸರು ಬಂದಿತು, ಪಟ್ಟಿ ನ್ಯಾಯಾಲಯಕ್ಕೆ ಹೋಯಿತು. ಅದೇ ಹೊತ್ತಿಗೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾಗಿದ್ದ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಬೆಳಿಗ್ಗೆ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಣ್ಣೆ ತಿಕ್ಕುವುದು, ಗಂಜಿ ಕುಡಿಸುವುದು, ಮಧ್ಯಾಹ್ನ ಮನೆಪಾಠ, ರಾತ್ರಿ ಸತ್ಯವೇದ ಓದುವುದು. ಮಾತು ತೊದಲುತ್ತಿದ್ದರೂ, "ಅವ್ವಾ, ಯೋಸೇಫನದು ಓದು" ಎನ್ನುತ್ತಿದ್ದರು.

ಹದಿನೇಳರಲ್ಲಿ ಮಾರಾಟವಾದ ಯೋಸೇಫನು ಮೂವತ್ತರಲ್ಲಿ ಐಗುಪ್ತದ ಅರಸ ಫರೋಹನ ಮುಂದೆ ನಿಂತನು. ಆ ಕಥೆಯನ್ನು ಚಿಕ್ಕಂದಿನಿಂದ ಬಲ್ಲೆ. ಅಪ್ಪನ ಹಾಸಿಗೆಯ ಪಕ್ಕ ಓದುವಾಗ ಮಾತ್ರ ಆದಿಕಾಂಡದ ನಲವತ್ತನೆಯ ಅಧ್ಯಾಯದ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ಒಂದು ಬೆಳಿಗ್ಗೆ ಸೆರೆಮನೆಯಲ್ಲಿ ಪಾನದಾಯಕನೂ ಅಡಿಗೆಭಟ್ಟನೂ ಮುಖ ಬಾಡಿಸಿಕೊಂಡು ಕುಳಿತಿರುತ್ತಾರೆ. ಈ ಹೊತ್ತು ಏಕೆ ಹೀಗಿದ್ದೀರಿ ಎಂದು ಯೋಸೇಫನು ಕೇಳುತ್ತಾನೆ. ಅವನ ಮುಂದಿನ ಬದುಕೆಲ್ಲ ಆ ಒಂದು ವಿಚಾರಣೆಯಿಂದ ತೆರೆದುಕೊಂಡಿತು. ತಪ್ಪಿಲ್ಲದೆ ಸೆರೆಯಲ್ಲಿದ್ದವನಿಗೆ ತನ್ನ ದುಃಖವೇ ಸಾಕಷ್ಟಿತ್ತು, ಆದರೂ ಎದುರಿಗಿದ್ದವರ ಮುಖ ನೋಡಿದ. ತನ್ನ ಕನಸಿನ ಅರ್ಥವನ್ನು ಯೋಸೇಫನಿಂದ ತಿಳಿದು ಉಪಕಾರ ಪಡೆದ ಪಾನದಾಯಕ ಹೊರಗೆ ಹೋಗಿ ಮರೆತುಬಿಟ್ಟ. ಮತ್ತೆರಡು ವರ್ಷ ಯೋಸೇಫನು ಅಲ್ಲೇ ಇದ್ದ. ಅಪ್ಪ ಆ ಜಾಗದಲ್ಲಿ ಪ್ರತಿ ಸಲವೂ ಎಡಗೈ ಎತ್ತಿ ನನ್ನನ್ನು ತಡೆದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದೆ ಓದು ಎಂದು ಸನ್ನೆ ಮಾಡುತ್ತಿದ್ದರು.

ನೇಮಕದ ಆದೇಶ ಬಂದದ್ದು ಅಪ್ಪ ತೀರಿಕೊಂಡ ಮೇಲೆ. ಅಪ್ಪನ ಸೇವೆಗಾಗಿಯೇ ದೇವರು ಕೆಲಸವನ್ನು ತಡೆದಿಟ್ಟನು ಎಂದು ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ಹೇಳಿದರು. ಪ್ರೀತಿಯಿಂದಲೇ ಹೇಳಿದರು. ಆದರೆ ಅಷ್ಟು ಖಚಿತವಾಗಿ ನಾನು ಹೇಳಲಾರೆ. ಅದೇ ಪಟ್ಟಿಯಲ್ಲಿದ್ದ ಇತರರ ಮನೆಗಳಲ್ಲಿ ಆ ವರ್ಷಗಳು ಸಾಲದಲ್ಲಿ ಕಳೆದವು. ಆದೇಶದ ಪತ್ರವನ್ನು ಅಪ್ಪನಿಗೆ ತೋರಿಸಬೇಕೆಂದು ನನಗೆ ಬಹಳ ಆಸೆಯಿತ್ತು, ಅದಾಗಲಿಲ್ಲ. ಆ ನೋವನ್ನು ಪ್ರಾರ್ಥನೆಯಲ್ಲಿ ಇಂದಿಗೂ ದೇವರ ಮುಂದೆ ಇಡುತ್ತೇನೆ, ಅವನ ಮೇಲಿನ ನನ್ನ ಭರವಸೆ ಕದಲಿಲ್ಲ. ಆ ವರ್ಷಗಳ ಪ್ರತಿ ಬೆಳಿಗ್ಗೆಯೂ ಮಾಡಬೇಕಾದ ಕೆಲಸವೊಂದನ್ನು ಅವನು ನನ್ನ ಕೈಯಲ್ಲಿಟ್ಟಿದ್ದನು, ಮಾಡುವ ಶಕ್ತಿಯನ್ನೂ ಕೊಟ್ಟನು. ಇಷ್ಟಕ್ಕೆ ನಾನು ಸಾಕ್ಷಿ.

ನನ್ನನ್ನು ನೇಮಿಸಿದ್ದು ಹಾವೇರಿ ಜಿಲ್ಲೆಯ ಹಳ್ಳಿಯೊಂದಕ್ಕೆ. ಅದರ ಹೆಸರನ್ನೂ ಮೊದಲು ಕೇಳಿರಲಿಲ್ಲ. ಅಲ್ಲಿ ನಮ್ಮ ಸಭೆಯಿಲ್ಲ, ದೇವಾರಾಧನೆಗೆ ಭಾನುವಾರ ಬಸ್ಸು ಹಿಡಿದು ಹೋಗಬೇಕು. ತಾಯಿಯ ಸಲುವಾಗಿ ಧಾರವಾಡಕ್ಕೆ ವರ್ಗಾವಣೆ ಕೇಳಿದ್ದೇನೆ, ಉತ್ತರ ಬಂದಿಲ್ಲ. ಈ ನಡುವೆ ಊರಿನವರ ಜೊತೆ ಸೇರಿ ಶಾಲೆಗೊಂದು ವಾಚನಾಲಯ ಮಾಡಿದ್ದೇವೆ. ನಿಘಂಟುಗಳ ಕಪಾಟು ಇನ್ನೂ ಅರ್ಧ ಖಾಲಿಯಿದೆ. ಇದನ್ನು ಓದುವ ನಮ್ಮ ಧಾರವಾಡ ಶಾಲೆಯ ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ಹೆಚ್ಚಿನ ಪ್ರತಿಗಳಿದ್ದರೆ ಈ ಸಂಚಿಕೆಯ ಸಂಪಾದಕರಿಗೆ ತಿಳಿಸಿರಿ, ನಾನೇ ಬಂದು ಒಯ್ಯುತ್ತೇನೆ.